ಅಮ್ಮನ ಮೂರು ನೋಟ್‌ಬುಕ್, ಎರಡು ವರ್ಷ, ಟೈಪ್ ಆದ ಕವಿತೆ ಒಂದೂ ಇಲ್ಲ

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಒಳಗೊಳಗೇ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮಮ್ಮ ಚಿಕ್ಕ ವಯಸ್ಸಿನಿಂದ ಕವಿತೆ ಬರೆಯುತ್ತಿದ್ದರು. ಯಾರಿಗೂ ತೋರಿಸಿದವರಲ್ಲ. ಎರಡು ವರ್ಷದ ಹಿಂದೆ ಕಪಾಟು ಖಾಲಿ ಮಾಡುವಾಗ ಬಟ್ಟೆಗಳ ಅಡಿಯಲ್ಲಿ ಮೂರು ನೋಟ್‌ಬುಕ್ ಸಿಕ್ಕವು. ಎಣಿಸಿದರೆ 140 ಕವಿತೆ. ನಿಂತಲ್ಲೇ ನಿಂತು ಓದಿದೆ. ಅವತ್ತೇ ಅಮ್ಮನ ಹತ್ತಿರ ಹೋಗಿ "ಇದನ್ನು ಪುಸ್ತಕ ಮಾಡಿಕೊಡುತ್ತೇನೆ" ಎಂದು ಮಾತು ಕೊಟ್ಟೆ. ಅಮ್ಮ ಏನೂ ಹೇಳಲಿಲ್ಲ. ಆದರೆ ಆಗಿನ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಂದ ಇಲ್ಲಿಯವರೆಗೆ ಏನು ಮಾಡಿದೆ ಎಂದು ಇದ್ದದ್ದು ಇದ್ದಂತೆ ಹೇಳುತ್ತೇನೆ. 14 ಫಾಂಟ್ ನೋಡಿದೆ. ಯಾವುದರಲ್ಲಿ ಒತ್ತಕ್ಷರ ಚೆನ್ನಾಗಿ ಕೂರುತ್ತದೆ ಎಂದು ಪ್ರಿಂಟ್ ತೆಗೆದು ಹೋಲಿಸಿದೆ. ಪುಟ ಜೋಡಿಸುವ ಸಾಫ್ಟ್‌ವೇರ್ ಕಲಿಯಲು ನಾಲ್ಕು ತಿಂಗಳು ಹೋಯಿತು. ಮುನ್ನುಡಿ ಆರು ಸಲ ಬರೆದೆ, ಆರೂ ಸಲ ಅಳಿಸಿದೆ. ಕವಿತೆಗಳನ್ನು ವರ್ಷದ ಪ್ರಕಾರ ಜೋಡಿಸಬೇಕಾ, ವಿಷಯದ ಪ್ರಕಾರವಾ ಎಂಬ ಯೋಚನೆಯಲ್ಲೇ ಒಂದು ಬೇಸಿಗೆ ಕಳೆಯಿತು. ಟೈಪ್ ಆದ ಕವಿತೆ ಮಾತ್ರ ಒಂದೂ ಇಲ್ಲ.

ಕೂತಾಗೆಲ್ಲ ಆಗುವುದು ಹೀಗೆ. ಮೊದಲ ನೋಟ್‌ಬುಕ್ ತೆರೆಯುತ್ತೇನೆ. ಮೊದಲ ಕವಿತೆಯ ಮೂರನೇ ಸಾಲು: "ಬಾಗಿಲಾಚೆ ಮ… ನಿಂತಿದೆ". ಮ ಆದ ಮೇಲಿನ ಅಕ್ಷರದ ಮೇಲೆ ಯಾವತ್ತೋ ನೀರು ಬಿದ್ದು ಶಾಯಿ ಹರಡಿದೆ. ಮಳೆಯೋ, ಮನೆಯೋ, ಮರವೋ, ಮಗುವೋ? ಗೊತ್ತಾಗದೆ ಹೇಗೆ ಟೈಪ್ ಮಾಡಲಿ? ಅಮ್ಮನ ಸಾಲನ್ನು ನಾನೇ ಕೆಡಿಸಿಬಿಟ್ಟರೆ? ಅಮ್ಮನನ್ನೇ ಕೇಳಬಹುದು. ಆದರೆ ಕೇಳಿದರೆ ಎರಡು ವರ್ಷದಲ್ಲಿ ನಾನು ಮೊದಲ ಕವಿತೆಯನ್ನೇ ದಾಟಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ನೋಟ್‌ಬುಕ್ ಮುಚ್ಚಿ ಇಡುತ್ತೇನೆ.

ನಾನು ಸೋಮಾರಿಯಲ್ಲ. ಆಫೀಸಿನ ಕೆಲಸ ಒಂದನ್ನೂ ಬಾಕಿ ಉಳಿಸಿಕೊಂಡವಳಲ್ಲ. ಜೀವಕ್ಕೆ ಹತ್ತಿರವಾದ ಇದೊಂದೇ ಕೈಗೆ ಬರುತ್ತಿಲ್ಲ. ಅಮ್ಮನಿಗೆ ಈಗ 71. ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ದಾಟಿದ್ದೀರಾ?

ಹಳೆಗರಗಸ

ಮೇಡಂ, ಇವತ್ತು ರಾತ್ರಿ ಒಂದು ಕವಿತೆ ಟೈಪ್ ಮಾಡಿ. ಆ ಪದದ ಜಾಗದಲ್ಲಿ ಮೂರು ಚುಕ್ಕೆ ಇಟ್ಟು ಮುಂದಿನ ಸಾಲಿಗೆ ಹೋಗಿ.

ನಾನು ಮರಗೆಲಸ ಕಲಿತದ್ದು ನಲವತ್ತು ದಾಟಿದ ಮೇಲೆ. ಪುಸ್ತಕದ ಕಪಾಟು ಮಾಡಬೇಕೆಂದು ಒಳ್ಳೆಯ ಹಲಗೆ ತಂದು ಗೋಡೆಗೆ ಒರಗಿಸಿಟ್ಟಿದ್ದೆ. ಅಷ್ಟು ಚೆಂದದ ಹಲಗೆಗೆ ಗರಗಸ ಹಚ್ಚಲು ಮನಸ್ಸೇ ಬರುತ್ತಿರಲಿಲ್ಲ. ಎಂಟು ತಿಂಗಳು ಅಲ್ಲೇ ನಿಂತು ಒಂದು ಹಲಗೆ ಬಾಗಿಹೋಯಿತು. ಕೆಡಬಾರದು ಅಂತ ಮುಟ್ಟದೆ ಇಟ್ಟಿದ್ದಕ್ಕೇ ಕೆಟ್ಟಿತು.

ಕಲಿಸುವವರು ಕೊನೆಗೆ ಕಸದ ರಾಶಿಯಿಂದ ಎರಡು ತುಂಡು ಎತ್ತಿಕೊಟ್ಟು "ಇದರಲ್ಲಿ ಹತ್ತು ಜೋಡಣೆ ಮಾಡು, ಹತ್ತೂ ಕೆಡಲಿ" ಎಂದರು. ಮೊದಲನೆಯದರಲ್ಲಿ ಬೆರಳು ತೂರುವಷ್ಟು ಸಂದು. ಎರಡನೆಯದರಲ್ಲಿ ಉಳಿ ಗೆರೆ ದಾಟಿ ಹಿಂದಕ್ಕೆ ಸರಿಯಿತು. ಆಗ ತಿಳಿಯಿತು. ಉಳಿಯ ಒಂದು ಮುಖ ಇಳಿಜಾರಾಗಿರುತ್ತದಲ್ಲ, ಜೋರಾಗಿ ಹೊಡೆದರೆ ಅದೇ ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಮೊದಲ ಏಟು ಗೆರೆಯ ಮೇಲೆ ಹಾಕಬಾರದು. ಗೆರೆಯಿಂದ ಸ್ವಲ್ಪ ಈಚೆಗೆ ಹೊಡೆದು ಒಳಗಿನ ಮರ ತೆಗೆಯಬೇಕು. ಕೊನೆಯ ಏಟು ಮಾತ್ರ ಗೆರೆಯ ಮೇಲೆ. ಇದನ್ನು ಎಷ್ಟೋ ವಿಡಿಯೋಗಳಲ್ಲಿ ನೋಡಿದ್ದೆ. ಕೈಗೆ ಗೊತ್ತಿರಲಿಲ್ಲ.

ನಿಮ್ಮ ಕೆಲಸಕ್ಕೂ ಇದನ್ನೇ ಹೇಳುತ್ತೇನೆ. ಆ ಹರಡಿದ ಅಕ್ಷರ ಗೆರೆ ಇದ್ದ ಹಾಗೆ. ನೀವು ಮೊದಲ ಏಟನ್ನೇ ಅದರ ಮೇಲೆ ಇಡಲು ಹೋಗುತ್ತಿದ್ದೀರಿ.

ಸಂಜೆಓದು

ಅಕ್ಕ, "ನಾನು ಸೋಮಾರಿಯಲ್ಲ" ಎಂದು ಬರೆದಿದ್ದೀರಲ್ಲ, ಅದು ನಿಜ. ನಾನು ಮನಶ್ಶಾಸ್ತ್ರ ಓದಿದವಳು, ಗೊತ್ತಿರುವಷ್ಟು ಹೇಳುತ್ತೇನೆ.

ಕೆಲಸ ಮುಂದೂಡುವುದನ್ನು ಜನ ಸಮಯ ಹೊಂದಿಸಿಕೊಳ್ಳಲು ಬಾರದ ದೋಷ ಎಂದುಕೊಳ್ಳುತ್ತಾರೆ. ಫ್ಯೂಶಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಬರೆದ ಲೇಖನದಲ್ಲಿ ಬೇರೆ ಮಾತು ಹೇಳಿದರು. ಕೆಲಸ ನೆನೆದ ಕೂಡಲೇ ಒಂದು ಕೆಟ್ಟ ಭಾವನೆ ಬರುತ್ತದೆ: ಭಯ, ಅಳುಕು, ಬೇಸರ, ಏನೋ ಒಂದು. ನಾವು ತಪ್ಪಿಸಿಕೊಳ್ಳುವುದು ಆ ಭಾವನೆಯಿಂದ. ನೋಟ್‌ಬುಕ್ ಮುಚ್ಚಿದ ಕ್ಷಣ ಎದೆ ಹಗುರಾಗುತ್ತದೆ, ಅಲ್ವಾ? ಆ ಹಗುರವೇ ಮುಚ್ಚಿದ್ದಕ್ಕೆ ಸಿಕ್ಕ ಬಹುಮಾನ. ಮುಂದಿನ ಸಲ ಮುಚ್ಚುವುದು ಇನ್ನೂ ಸುಲಭ.

ಇನ್ನೊಂದು ವಿಷಯ. "ಅಚ್ಚುಕಟ್ಟು ಬೇಕು ಅನ್ನುವವರೇ ಜಾಸ್ತಿ ಮುಂದೂಡುತ್ತಾರೆ" ಎಂಬ ಮಾತು ಪೂರ್ತಿ ಸರಿಯಲ್ಲ. ಪಿಯರ್ಸ್ ಸ್ಟೀಲ್ 2007ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪರಿಪೂರ್ಣತೆಯ ಹಂಬಲಕ್ಕೂ ಮುಂದೂಡುವುದಕ್ಕೂ ನಂಟು ತೀರಾ ತೆಳುವಾಗಿತ್ತು. ಆದರೆ ಆ ಹಂಬಲದಲ್ಲೇ ಬಗೆಗಳಿವೆ. ಪಾಲ್ ಹ್ಯೂಯಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಇವನ್ನು ಬೇರೆ ಬೇರೆ ಮಾಡಿ ತೋರಿಸಿದರು. ನನ್ನ ಕೆಲಸ ಚೆನ್ನಾಗಿರಬೇಕು ಎಂದು ನಾನೇ ಬಯಸುವುದು ಒಂದು. ಚೆನ್ನಾಗಿಲ್ಲದಿದ್ದರೆ ಬೇರೆಯವರು ನನ್ನನ್ನು ಕೀಳಾಗಿ ನೋಡುತ್ತಾರೆ ಎಂಬ ಅಂಜಿಕೆ ಇನ್ನೊಂದು. ಮೊದಲನೆಯದು ಎಷ್ಟೋ ಸಲ ಕೆಲಸ ಮಾಡಿಸುತ್ತದೆ. ಎರಡನೆಯದು ಕೈ ಕಟ್ಟಿಹಾಕುತ್ತದೆ.

ಆ ಅಕ್ಷರದ ವಿಷಯದಲ್ಲಿ ನೀವು ಬರೆದ ಕೊನೆಯ ವಾಕ್ಯ ಇನ್ನೊಮ್ಮೆ ಓದಿ ನೋಡಿ. ತಡೆದಿರುವುದು ಶಾಯಿಯಲ್ಲ, ಅಮ್ಮನಿಗೆ ಗೊತ್ತಾಗಿಬಿಡುತ್ತದೆ ಎಂಬ ಅಳುಕು.

ರಾತ್ರಿಪಾಳಿ

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ನರ್ಸ್. ನನ್ನ ಕೆಲಸದಲ್ಲಿ "ಹೇಗಾದರೂ ಸರಿ, ಮಾಡಿಬಿಡು" ಎನ್ನುವ ಮಾತಿಗೆ ಜಾಗವೇ ಇಲ್ಲ. ಕೆಲವು ಔಷಧಗಳ ಅಳತೆಯನ್ನು ನಾನೊಬ್ಬಳೇ ನೋಡಿದರೆ ಸಾಲದು, ಇನ್ನೊಬ್ಬರು ಬಂದು ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು. ಹಾಗಾಗಿ ಅಚ್ಚುಕಟ್ಟನ್ನೇ ರೋಗ ಎಂದು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ನಮ್ಮಲ್ಲಿ ಆ ಎರಡನೇ ಕಣ್ಣು ಯಾವಾಗ ಬರುತ್ತದೆ ನೋಡಿ. ಔಷಧ ತಯಾರಾದ ಮೇಲೆ, ರೋಗಿಗೆ ಕೊಡುವ ಮುಂಚೆ. ತಾಳೆ ನೋಡಲು ಮೊದಲು ಏನಾದರೂ ಕೈಯಲ್ಲಿರಬೇಕಲ್ಲ. ನೀಲಿಶಾಯಿ ಅವರೇ, ಕರಡು ತಿದ್ದುವ ದಿನ ನೀವು ಎಷ್ಟು ಕಟ್ಟುನಿಟ್ಟಾಗಿದ್ದರೂ ಸರಿ. ಆ ದಿನ ಇನ್ನೂ ಬಂದಿಲ್ಲ, ಅಷ್ಟೇ.

ಇನ್ನೊಂದು ಮಾತು ಇಲ್ಲಿ ಓದುತ್ತಿರುವ ಎಲ್ಲರಿಗೂ. ಒಂದು ಕೆಲಸ ಮಾತ್ರ ಅಲ್ಲ, ಎಲ್ಲವೂ ನಿಂತುಹೋಗಿದ್ದರೆ, ಸ್ನಾನ ಮಾಡುವುದೂ ಬೆಟ್ಟ ಹತ್ತಿದಂತಾಗಿದ್ದರೆ, ವಾರಗಟ್ಟಲೆ ಹಾಗೇ ಇದ್ದರೆ ದಯವಿಟ್ಟು ವೈದ್ಯರನ್ನು ಕಾಣಿ. ಖಿನ್ನತೆ ಇರಬಹುದು. ಚಿಕ್ಕಂದಿನಿಂದಲೂ ಯಾವುದರಲ್ಲೂ ಗಮನ ನಿಲ್ಲುತ್ತಿಲ್ಲ ಎಂದಾದರೆ ಎಡಿಎಚ್‌ಡಿ (ಗಮನದ ಕೊರತೆಯ ತೊಂದರೆ) ಇರಬಹುದು, ಅದು ದೊಡ್ಡವರಲ್ಲೂ ಇರುತ್ತದೆ. "ಎದ್ದು ಮಾಡು" ಎಂದು ಅಂಥವರಿಗೆ ಹೇಳುವುದು ಕಾಲು ಮುರಿದವರಿಗೆ ಓಡು ಎಂದ ಹಾಗೆ.

ಸಂಜೆಓದು

ರಾತ್ರಿಪಾಳಿ ಅಕ್ಕ, ಇದನ್ನು ಹೇಳಿದ್ದು ಒಳ್ಳೆಯದಾಯಿತು. ಒಂದು ಮಾತು ಸೇರಿಸುತ್ತೇನೆ. ಖಿನ್ನತೆಯ ಚಿಕಿತ್ಸೆಯಲ್ಲೇ ಬಿಹೇವಿಯರಲ್ ಆಕ್ಟಿವೇಶನ್ ಎಂಬ ಪದ್ಧತಿ ಇದೆ. ಅದರ ಬೇರು 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಮಾಡಿದ ಕೆಲಸದಲ್ಲಿದೆ. ಮನಸ್ಸು ಸರಿಯಾಗಲಿ, ಆಮೇಲೆ ಮಾಡೋಣ ಎಂದು ಅಲ್ಲಿ ಕಾಯುವುದಿಲ್ಲ. ತೀರಾ ಚಿಕ್ಕ ಕೆಲಸ ಆರಿಸಿಕೊಂಡು ಮಾಡಿಸುತ್ತಾರೆ, ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಆದರೆ ಜೊತೆಗೆ ಒಬ್ಬರು ಇರುತ್ತಾರೆ, ಅಳತೆ ನೋಡಿ ಕೊಡುತ್ತಾರೆ. ಅದೇ ದೊಡ್ಡ ವ್ಯತ್ಯಾಸ.

ಅಂಚೆಚೀಟಿ

ನನ್ನದು ಚಿಕ್ಕ ಅನುಭವ. ಗೆಳತಿಯೊಬ್ಬಳು ಕಷ್ಟದಲ್ಲಿದ್ದಾಗ ಉದ್ದವಾದ ಪತ್ರ ಬರೆದಿದ್ದಳು. ಸುಮ್ನೆ ಎರಡು ಸಾಲು ಬರೆದರೆ ಚೆನ್ನಾಗಿರುವುದಿಲ್ಲ, ಕೂತು ಸರಿಯಾಗಿ ಬರೆಯೋಣ ಎಂದುಕೊಂಡೆ. ಒಂದು ವಾರ ಆಯಿತು. ವಾರ ತಡ ಮಾಡಿದ ಮೇಲೆ ಇನ್ನೂ ಚೆನ್ನಾಗಿ ಬರೆಯಬೇಕು ಅನ್ನಿಸಿತು. ತಿಂಗಳಾದ ಮೇಲೆ ತಡವಾದದ್ದಕ್ಕೆ ಕಾರಣವನ್ನೂ ಬರೆಯಬೇಕಾಯಿತು. ಆರು ತಿಂಗಳಾದಾಗ ಎಷ್ಟು ಒಳ್ಳೆಯ ಪತ್ರವೂ ಸಾಲದು ಅನ್ನಿಸಿತು. ಸಾಲಕ್ಕೆ ಬಡ್ಡಿ ಬೆಳೆಯುವ ಹಾಗೆ, ತಡ ಆದಷ್ಟೂ ಬರೆಯಬೇಕಾದ ಪತ್ರ ದೊಡ್ಡದಾಗುತ್ತಾ ಹೋಯಿತು.

ಕೊನೆಗೆ ಬರೆದದ್ದು ಇಷ್ಟೇ: "ನಿನ್ನ ಪತ್ರ ಅವತ್ತೇ ಓದಿದೆ. ಅತ್ತುಬಿಟ್ಟೆ. ಉತ್ತರ ಬರೆಯಲು ಹೆದರಿದೆ. ಹೇಗಿದ್ದೀಯಾ?" ಅದು ತಲುಪಿದ ಒಂದು ಗಂಟೆಯೊಳಗೆ ಅವಳ ಫೋನ್ ಬಂತು.

ನಿಮ್ಮ ಎರಡು ವರ್ಷವೂ ಹಾಗೇ ಬಡ್ಡಿ ಕಟ್ಟುತ್ತಿದೆ ಅನ್ನಿಸುತ್ತದೆ. ಅವತ್ತು ಮಾತು ಕೊಟ್ಟಾಗ ಸರಳವಾದ ಪುಸ್ತಕ ಸಾಕಿತ್ತು. ಈಗ ಎರಡು ವರ್ಷಕ್ಕೆ ತಕ್ಕ ಪುಸ್ತಕ ಆಗಬೇಕು ಎಂದು ನೀವೇ ಭಾರ ಹೊತ್ತಿದ್ದೀರಿ.

ನೀಲಿಶಾಯಿ (ಮರುದಿನ)

ಅಂಚೆಚೀಟಿ ಅವರ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ಹೌದು, ಭಾರ ಅದೇ.

ನಿನ್ನೆ ರಾತ್ರಿ ಒಂದು ಕವಿತೆ ಟೈಪ್ ಮಾಡಿದೆ. ಮೂರು ಚುಕ್ಕೆ ಇಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಸಾಲುಗಳ ನಡುವಿನ ಜಾಗ ಸರಿ ಕಾಣಲಿಲ್ಲ ಎಂದು ತಿದ್ದಲು ಹೋಗಿ ರಾತ್ರಿ ಒಂದು ಗಂಟೆ ಆಯಿತು. ಎರಡನೇ ಕವಿತೆಗೆ ಹೋಗಲೇ ಇಲ್ಲ. ಮತ್ತೆ ಅದೇ ಕಥೆ ಅನ್ನಿಸಿ ಬೆಳಿಗ್ಗೆಯಿಂದ ಮನಸ್ಸು ಕುಗ್ಗಿದೆ.

ಹಳೆಗರಗಸ

ಕುಗ್ಗಬೇಡಿ ಮೇಡಂ. ಎರಡು ವರ್ಷ ಸೊನ್ನೆ ಇತ್ತು, ಈಗ ಒಂದಾಗಿದೆ. ಆ ಪುಟ ಜೋಡಿಸುವ ಸಾಫ್ಟ್‌ವೇರ್ ಇರುವ ಕಂಪ್ಯೂಟರ್ ಮುಂದೆ ಕೂರಲೇಬೇಡಿ. ಫೋನಿನಲ್ಲಿ ಸಾದಾ ನೋಟ್ಸ್ ಇರುತ್ತದಲ್ಲ, ಅದರಲ್ಲಿ ಟೈಪ್ ಮಾಡಿ. ಅಲ್ಲಿ ಸಾಲಿನ ಜಾಗ ತಿದ್ದಲು ಆಗುವುದೇ ಇಲ್ಲ. ನಾನೂ ಕಲಿಯುವಾಗ ಉಜ್ಜುವ ಕಾಗದವನ್ನು ಬೀಗ ಹಾಕಿ ಇಟ್ಟಿದ್ದೆ. ಕಣ್ಣೆದುರು ಇದ್ದರೆ ಅರ್ಧ ಕೊರೆದದ್ದನ್ನೇ ಉಜ್ಜುತ್ತಾ ಕೂರುತ್ತಿದ್ದೆ.

ಸಂಜೆಓದು

ಕುಗ್ಗಬೇಡಿ ಎನ್ನುವುದಕ್ಕೆ ಆಧಾರವೂ ಇದೆ ಅಕ್ಕ. ಮೈಕಲ್ ವೋಲ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. 119 ಮಂದಿ ಮೊದಲ ವರ್ಷದ ವಿದ್ಯಾರ್ಥಿಗಳು, ಎರಡು ಪರೀಕ್ಷೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ಅದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಬೈದುಕೊಂಡರೆ ಬುದ್ಧಿ ಬರುತ್ತದೆ ಎಂದು ನಾವೆಲ್ಲ ನಂಬಿ ಬೆಳೆದಿದ್ದೇವೆ. ಆದರೆ ಬೈಗುಳದಿಂದ ಆ ನೋಟ್‌ಬುಕ್‌ಗೆ ಇನ್ನಷ್ಟು ಕೆಟ್ಟ ಭಾವನೆ ಅಂಟಿಕೊಳ್ಳುತ್ತದೆ. ಅದನ್ನು ನೋಡಿದರೇ ಓಡಬೇಕು ಅನ್ನಿಸುತ್ತದೆ.

ಇನ್ನೊಂದು ಸಲಹೆ. "ದಿನಾ ಟೈಪ್ ಮಾಡುತ್ತೇನೆ" ಎಂದು ಇಟ್ಟುಕೊಳ್ಳಬೇಡಿ. "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಕವಿತೆ" ಎಂದು ಜಾಗ, ಹೊತ್ತು ಎರಡನ್ನೂ ಕಟ್ಟಿ ಇಡಿ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ಚಿಕ್ಕ ವರದಿ ಬರೆದು ಕಳಿಸಬೇಕಿತ್ತು. ಎಲ್ಲಿ, ಯಾವಾಗ ಬರೆಯುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ಸಮಯಕ್ಕೆ ಬರೆದರು. ಬರೆಯುತ್ತೇನೆ ಎಂದಷ್ಟೇ ಹೇಳಿದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು.

ಕಾಗದದೋಣಿ

ಒಮ್ಮೆ ಅಚ್ಚಾದರೆ ಮುಗಿಯಿತು, ತಪ್ಪು ಶಾಶ್ವತ ಎಂಬ ಭಯ ನನಗೂ ಇತ್ತು. ಅದನ್ನು ಸಡಿಲ ಮಾಡಿದ್ದು ಡಾರ್ವಿನ್ನನ ಕಥೆ.

ಜೀವಿಗಳು ಬದಲಾಗುತ್ತವೆ ಎಂಬ ವಿಚಾರವನ್ನು ಡಾರ್ವಿನ್ 1837ರಿಂದಲೇ ಟಿಪ್ಪಣಿ ಪುಸ್ತಕಗಳಲ್ಲಿ ಬರೆಯತೊಡಗಿದ್ದ. ದೊಡ್ಡ ಗ್ರಂಥ ಬರೆಯಬೇಕು, ಎಲ್ಲ ಆಧಾರವನ್ನೂ ಕೊಡಬೇಕು ಎಂಬುದು ಅವನ ಯೋಜನೆ. 1858ರ ಜೂನ್‌ನಲ್ಲಿ ಇನ್ನೊಬ್ಬ ಜೀವವಿಜ್ಞಾನಿ ಆಲ್‌ಫ್ರೆಡ್ ವ್ಯಾಲೇಸ್‌ನ ಪತ್ರ ಬಂತು. ಆ ಬದಲಾವಣೆ ಹೇಗೆ ಆಗುತ್ತದೆ ಎಂಬುದಕ್ಕೆ ಡಾರ್ವಿನ್ ಕಂಡುಕೊಂಡಿದ್ದ ಉತ್ತರವನ್ನೇ ವ್ಯಾಲೇಸ್ ಕೂಡ ತನ್ನಷ್ಟಕ್ಕೆ ತಾನೇ ಕಂಡುಕೊಂಡಿದ್ದ. ಆಗ ಡಾರ್ವಿನ್ ದೊಡ್ಡ ಗ್ರಂಥವನ್ನು ಪಕ್ಕಕ್ಕಿಟ್ಟು ಚಿಕ್ಕದೊಂದನ್ನು ಬರೆದ. ಅದು 1859ರ ನವೆಂಬರ್‌ನಲ್ಲಿ ಹೊರಬಂತು. ಅವನ ಮಟ್ಟಿಗೆ ಅದು ಬರೀ ಸಾರಾಂಶ. ಲೋಕ ಓದಿದ್ದು ಆ ಸಾರಾಂಶವನ್ನೇ.

ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. 1872ರವರೆಗೆ ಅವನು ಅದನ್ನು ತಿದ್ದುತ್ತಲೇ ಇದ್ದ, ಒಟ್ಟು ಆರು ಆವೃತ್ತಿ ಬಂದವು. "ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್" (ಪರಿಸರಕ್ಕೆ ಹೊಂದುವಂಥದ್ದು ಉಳಿಯುತ್ತದೆ) ಎಂಬ ಮಾತು ಅದರಲ್ಲಿ ಸೇರಿದ್ದು 1869ರ ಐದನೇ ಆವೃತ್ತಿಯಲ್ಲಿ. ಓದಿದವರು ಎತ್ತಿದ ಆಕ್ಷೇಪಗಳಿಗೆ ಉತ್ತರಗಳನ್ನೂ ಸೇರಿಸುತ್ತಾ ಹೋದ. ಹೊರಗೆ ಬಾರದೆ ಇದ್ದಿದ್ದರೆ ಆ ಆಕ್ಷೇಪಗಳು ಅವನಿಗೆ ಸಿಗುತ್ತಿದ್ದುದಾದರೂ ಹೇಗೆ?

ನಿಮ್ಮ ಅಮ್ಮನ ಪುಸ್ತಕದ ಮೊದಲ ಆವೃತ್ತಿ ಎರಡೇ ಪ್ರತಿ ಇರಲಿ. ಒಂದು ಅವರಿಗೆ, ಒಂದು ನಿಮಗೆ.

ನೀಲಿಶಾಯಿ (ಐದು ದಿನದ ನಂತರ)

ಎರಡು ಪ್ರತಿ! ಈ ಯೋಚನೆ ನನಗೆ ಬಂದೇ ಇರಲಿಲ್ಲ. ಮನಸ್ಸು ಎಷ್ಟೋ ಹಗುರಾಯಿತು.

ಫೋನಿನಲ್ಲೇ ಟೈಪ್ ಮಾಡುತ್ತಿದ್ದೇನೆ. ನಾಲ್ಕು ದಿನ ಆಯಿತು, ಒಂದು ದಿನ ಆಗಲಿಲ್ಲ. ಒಟ್ಟು ಒಂಬತ್ತು ಕವಿತೆ. ಅಮ್ಮನ ಹುಟ್ಟಿದ ದಿನಕ್ಕೆ ಇನ್ನು 60 ದಿನ ಇದೆ. ಅಷ್ಟರೊಳಗೆ 140ನ್ನೂ ಮುಗಿಸಬಹುದು ಅನ್ನಿಸುತ್ತಿದೆ. ಆಗಬಹುದಾ?

ಹಳೆಗರಗಸ

ಒಂದು ಕವಿತೆಗೆ ಎಷ್ಟು ಹೊತ್ತು ಹಿಡಿಯುತ್ತಿದೆ? ಗಡಿಯಾರ ನೋಡಿ ಹೇಳಿ, ಅಂದಾಜು ಬೇಡ.

ನೀಲಿಶಾಯಿ

ಇವತ್ತು ಎರಡಕ್ಕೆ ನೋಡಿದೆ. ಸರಾಸರಿ 12 ನಿಮಿಷ.

ಕಾಗದದೋಣಿ

ಹಾಗಾದರೆ 140ಕ್ಕೆ 28 ಗಂಟೆ. ಒಂಬತ್ತು ಆಗಿದೆ, ಅದನ್ನು ಬಿಟ್ಟರೆ 26 ಗಂಟೆ ಚಿಲ್ಲರೆ. ದಿನಕ್ಕೆ ಅರ್ಧ ಗಂಟೆ ಅಂದರೆ 53 ದಿನ ಬೇಕು. ಅದೂ ಒಂದು ದಿನವೂ ತಪ್ಪದೆ ಇದ್ದರೆ. ಆದರೆ ಮೊದಲ ಐದು ದಿನದಲ್ಲೇ ಒಂದು ದಿನ ತಪ್ಪಿದೆ, ಮುಂದೆಯೂ ತಪ್ಪುತ್ತದೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ. ಟೈಪ್ ಆದ ಮೇಲೆ ತಿದ್ದುವುದು, ಪ್ರಿಂಟ್, ಬೈಂಡಿಂಗ್ ಬೇರೆ ಇದೆ.

ನಮ್ಮ ಅಂದಾಜು ಯಾಕೆ ಯಾವಾಗಲೂ ಕಡಿಮೆ ಆಗುತ್ತದೆ ಎಂಬುದಕ್ಕೆ ಡ್ಯಾನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್‌ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಒಂದು ಹೆಸರು ಕೊಟ್ಟಿದ್ದರು, ಪ್ಲಾನಿಂಗ್ ಫ್ಯಾಲಸಿ ಎಂದು. 1994ರಲ್ಲಿ ರೋಜರ್ ಬ್ಯೂಲರ್ ಮತ್ತಿತರರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ 34 ದಿನದಲ್ಲಿ ಮುಗಿಸುತ್ತೇವೆ ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ.

ನನ್ನ ಮಾತು ಕೇಳುವುದಾದರೆ ಹುಟ್ಟಿದ ದಿನಕ್ಕೆ 40 ಕವಿತೆ ಸಾಕು. ಬರೀ ಮೊದಲ ನೋಟ್‌ಬುಕ್. ದಿನ ಮುಟ್ಟಲಾಗದೆ ಹೋದರೆ ನೀವು ಮತ್ತೆ ಎರಡು ವರ್ಷ ಅದರ ಹತ್ತಿರ ಹೋಗುವುದಿಲ್ಲ ಎಂಬ ಭಯ ನನಗಿದೆ.

ರಾತ್ರಿಪಾಳಿ

ಇದಕ್ಕೆ ನನ್ನದೂ ಒಪ್ಪಿಗೆ. ಜೊತೆಗೆ ಒಂದು ಕೇಳಲಾ? ಹುಟ್ಟಿದ ದಿನದವರೆಗೆ ಯಾಕೆ ಮುಚ್ಚಿಡಬೇಕು? ಅವರಿಗೆ 71 ವರ್ಷ. ಒಂಬತ್ತು ಕವಿತೆ ಕೈಯಲ್ಲಿದೆ. ಇವತ್ತೇ ತೋರಿಸಬಾರದಾ? ರಾತ್ರಿ ಪಾಳಿಯಲ್ಲಿ ಕೂತು ನಾನು ಕೇಳಿದ ಮಾತುಗಳಲ್ಲಿ "ಆಮೇಲೆ ತೋರಿಸೋಣ ಎಂದುಕೊಂಡಿದ್ದೆ" ಎಂಬುದು ಎಷ್ಟು ಸಲ ಬಂದಿದೆಯೋ. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ನೀಲಿಶಾಯಿ (ಹನ್ನೊಂದು ದಿನದ ನಂತರ)

ರಾತ್ರಿಪಾಳಿ ಅವರೇ, ನಿಮ್ಮ ಮಾತು ಓದಿ ಮೂರು ದಿನ ತಡೆದೆ. ನಾಲ್ಕನೇ ದಿನ 12 ಕವಿತೆಗಳನ್ನು ಸಾದಾ ಹಾಳೆಯಲ್ಲಿ ಪ್ರಿಂಟ್ ತೆಗೆದು, ಮೂಲೆಗೆ ಒಂದು ಪಿನ್ ಹೊಡೆದು ಅಮ್ಮನ ಕೈಗೆ ಕೊಟ್ಟೆ. ಫಾಂಟ್ ಫೋನಿನಲ್ಲಿ ಇದ್ದದ್ದೇ. ಎರಡು ಕಡೆ ಒತ್ತಕ್ಷರ ತಪ್ಪಾಗಿತ್ತು. ಕೊಡುವಾಗ ಕೈ ನಡುಗುತ್ತಿತ್ತು.

"ಅಮ್ಮಾ, ಎರಡು ವರ್ಷದಲ್ಲಿ ಇಷ್ಟೇ ಆಗಿರೋದು. ತಪ್ಪಾಯ್ತು" ಎಂದೆ. ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದರು. ಬೆರಳು ಮೂರು ಚುಕ್ಕೆಯ ಮೇಲೆ ನಿಂತಿತು. "ಇದೇನು?" ಎಂದರು. ನೋಟ್‌ಬುಕ್ ತಂದು ತೋರಿಸಿ, ಮಳೆಯಾ, ಮನೆಯಾ ಎಂದು ಕೇಳಿದೆ. ನೋಟ್‌ಬುಕ್ಕನ್ನು ದೀಪದ ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಹೇಳಿದರು: "ನನಗೂ ನೆನಪಿಲ್ಲ ಕಣೇ. ಮಳೆ ಅಂತ ಹಾಕು. ಅದೇ ಚೆನ್ನಾಗಿದೆ."

ನಾನು ಎರಡು ವರ್ಷ ಅದರ ಮುಂದೆ ಕೂತಿದ್ದೆ.

ಆಮೇಲೆ ಪೆನ್ನು ಕೇಳಿದರು. ಐದನೇ ಕವಿತೆಯಲ್ಲಿ ಒಂದು ಸಾಲು ಹೊಡೆದುಹಾಕಿ "ಇದು ಆಗಲೂ ನನಗೆ ಹಿಡಿಸಿರಲಿಲ್ಲ" ಎಂದು ಪಕ್ಕದಲ್ಲಿ ಹೊಸದು ಬರೆದರು. ಅಕ್ಷರ ಈಗ ಸ್ವಲ್ಪ ಅಲುಗುತ್ತದೆ, ಆದರೆ ಅದೇ ಕೈ. ಒತ್ತಕ್ಷರದ ತಪ್ಪು ಎರಡನ್ನೂ ಅವರೇ ತಿದ್ದಿದರು. ಮರುದಿನ ಬೆಳಿಗ್ಗೆ ಎದ್ದಾಗ ಆ ಹಾಳೆಗಳು ಅವರ ದಿಂಬಿನ ಪಕ್ಕ ಇದ್ದವು, ಪೆನ್ನೂ ಅಲ್ಲೇ ಇತ್ತು.

ಈಗ ರಾತ್ರಿ ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ ಅಮ್ಮ ನೋಟ್‌ಬುಕ್ ತೆರೆದು ಕೂತಿರುತ್ತಾರೆ. ಅವರು ಓದಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಕವಿತೆಗೆ 12 ನಿಮಿಷ ಹಿಡಿಯುತ್ತಿದ್ದದ್ದು ಈಗ 25 ಆಗಿದೆ, ಯಾಕೆಂದರೆ ಪ್ರತಿಯೊಂದರ ಹಿಂದೆಯೂ ಒಂದು ಕಥೆ ಇದೆ. ನಿನ್ನೆಗೆ 21 ಆಯಿತು.

ಅಂಚೆಚೀಟಿ

ಓದುತ್ತಾ ಕಣ್ಣು ಒದ್ದೆಯಾಯಿತು. ಆ ಕಥೆಗಳನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪಕ್ಕದಲ್ಲಿ ಇಟ್ಟು ಒತ್ತಿದರೆ ಸಾಕು, ಚೆನ್ನಾಗಿ ಬರಲಿ ಎಂದು ಮೈಕ್ ಹುಡುಕಲು ಹೋಗಬೇಡಿ.

ನೀಲಿಶಾಯಿ

ನಿನ್ನೆ ರಾತ್ರಿಯಿಂದಲೇ ಶುರು ಮಾಡಿದ್ದೇನೆ. ಹಿಂದೆ ಫ್ಯಾನಿನ ಸದ್ದು ಕೇಳಿಸುತ್ತದೆ. ಹಾಗೇ ಬಿಟ್ಟಿದ್ದೇನೆ.